ಪಗಾರ

ಚಿಕ್ಕೋಡಿ ಕಡೆ ಮದುವೆ ಮಾತುಕತೆಗೆ ಕೂತಾಗ ಹೆಣ್ಣಿನವರು ಈಗೀಗ ಹೊಲದ ಲೆಕ್ಕಕ್ಕಿಂತ ಮೊದಲು ಕೇಳುವ ಪ್ರಶ್ನೆ ಒಂದಿದೆ: ‘ಹುಡುಗ ಪಗಾರದಾಂವೇನ್ರಿ?’ ತಿಂಗಳ ಮೊದಲ ವಾರ ಖಾತೆಗೆ ಬೀಳುವ ಹಣ, ಸೂಟಿ, ಕಾಯಿಲೆ ಬಿದ್ದರೂ ಆರದ ಒಲೆ, ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿರುತ್ತವೆ.

ಬೆಂಗಳೂರಿನವರು ಸಂಬಳ ಅನ್ನುತ್ತಾರೆ. ಅದು ಸಂಸ್ಕೃತದ ಶಂಬಲ, ಅಂದರೆ ದಾರಿಗೆ ಕಟ್ಟಿಕೊಂಡ ಬುತ್ತಿ. ನಮ್ಮ ಪಗಾರ ಹಡಗು ಏರಿ ಬಂದದ್ದು. ಪೋರ್ಚುಗೀಸರಲ್ಲಿ ‘ಪಗಾರ್’ ಎಂದರೆ ಹಣ ಸಲ್ಲಿಸುವುದು. ಗೋವೆಯ ದಂಡೆಗೆ ಇಳಿದ ಆ ಪದ ಕೊಂಕಣಿ, ಮರಾಠಿಗಳಲ್ಲಿ ನೆಲೆಸಿ, ಘಟ್ಟ ಹತ್ತಿ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕನ್ನಡವೂ ಆಯಿತು. ಗಡಿಯ ಈಚೆಗೂ ಪಗಾರ, ಆಚೆಗೂ ಪಗಾರ. ಭಾಷೆಗಾಗಿ ಇಷ್ಟು ವರ್ಷ ಜಗಳಾಡಿದ ಸೀಮೆಯಲ್ಲಿ ಈ ಪದದ ಮೇಲೆ ಯಾರ ತಕರಾರೂ ಇಲ್ಲ.

ಪದ ಒಂದೇ, ಅಂಕಿ ಬೇರೆ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು, ಮಹಾರಾಷ್ಟ್ರದ್ದು 312. ನಿಪ್ಪಾಣಿಯಿಂದ ಕಾಗಲ್‌ಗೆ ಹೋಗುವ ಹೆದ್ದಾರಿಯಲ್ಲಿ ಗಡಿ ದಾಟಿದರೆ ಅದೇ ಕರಿಮಣ್ಣು, ಅದೇ ಗುದ್ದಲಿ, ಕೂಲಿ ಮಾತ್ರ 58 ರೂಪಾಯಿ ಕಡಿಮೆ ಇತ್ತು. ಇದು ಕನಿಷ್ಠ ವೇತನ ಕೂಡ ಆಗಿರಲಿಲ್ಲ. 2009ರಲ್ಲಿ ಕೇಂದ್ರ ಈ ಕೂಲಿಯನ್ನು ರಾಜ್ಯಗಳ ಕನಿಷ್ಠ ವೇತನದಿಂದ ಬಿಡಿಸಿ ಬೇರೆಯಾಗಿ ಗೊತ್ತುಮಾಡಿತು. ಹಾಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತ್ತು. ಶ್ರೀಲಂಕಾ 2016ರಲ್ಲಿ ದೇಶಕ್ಕೆಲ್ಲ ಒಂದು ಕನಿಷ್ಠ ವೇತನದ ಕಾಯ್ದೆ ಮಾಡಿಕೊಂಡಿತು. ನಮ್ಮ 1948ರ ಕಾಯ್ದೆ ಮಾತ್ರ ಕಸುಬುಗಳ ಪಟ್ಟಿ ಮಾಡಿ, ಬಹುಪಾಲು ಕಸುಬುಗಳ ದರವನ್ನು ರಾಜ್ಯಗಳ ಕೈಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಮೊದಲಿನಿಂದಲೂ ತಂಬಾಕು ಮತ್ತು ಬೀಡಿ ಇದ್ದವು, ಅಂದರೆ ನಿಪ್ಪಾಣಿ ಇತ್ತು.

ಆದರೆ ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಗಳು ತನ್ನ ದುಡಿಮೆಯ ಹಣವನ್ನು ಪಗಾರ ಅನ್ನುವುದಿಲ್ಲ. ‘ಸಾವಿರಕ್ಕ ಎಷ್ಟು?’ ಅನ್ನುತ್ತಾಳೆ. ಅವಳಿಗೆ ತಿಂಗಳಿಲ್ಲ, ದಿನವೂ ಇಲ್ಲ, ಇರುವುದು ಎಣಿಕೆ. ಕೊಟ್ಟ ಎಲೆಯಲ್ಲಿ ಹರಿದದ್ದು ಎಷ್ಟಿದ್ದರೂ ಸಾವಿರ ತುಂಬಬೇಕು. ಮುಕ್ಕಾದಂಗೆ ಕಂಡದ್ದು ‘ಛಾಟ’ ಆಗಿ ಪಕ್ಕಕ್ಕೆ ಬೀಳುತ್ತದೆ, ಅದಕ್ಕೆ ದುಡ್ಡಿಲ್ಲ. ಸರ್ಕಾರ ಸಾವಿರ ಬೀಡಿಗೆ ದರ ಬರೆದಿಡುತ್ತದೆ ನಿಜ, ಆದರೆ ಆ ಸಾವಿರದೊಳಗೆ ಎಷ್ಟು ಗಂಟೆ ಬೆನ್ನು ಬಾಗಿತ್ತು ಎಂದು ಬರೆಯುವ ಜಾಗ ದರಪಟ್ಟಿಯಲ್ಲಿಲ್ಲ. ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ತಂಬಾಕು ವಖಾರಗಳಲ್ಲಿ ಧೂಳು ಕುಡಿದು ದುಡಿದ ಇಲ್ಲಿನ ಹೆಂಗಸರು ಒಟ್ಟಾಗಿ ಸಂಘ ಕಟ್ಟಿ, ಕೆಲಸ ನಿಲ್ಲಿಸಿ ಬೀದಿಗೆ ಬಂದವರು. ಆ ಹೋರಾಟವನ್ನು ‘ಯುಗಾಂತರ’ ತಂಡದ ದೀಪಾ ಧನರಾಜ್ ಮತ್ತು ಗೆಳೆಯರು 1982ರಲ್ಲಿ ಸಾಕ್ಷ್ಯಚಿತ್ರವಾಗಿ ಮಾಡಿದರು.

ಅದೇ 1982ರಲ್ಲಿ ದೆಹಲಿಯ ಏಷಿಯಾಡ್ ಕಾಮಗಾರಿಯ ಕೂಲಿಕಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿದರೆ ಅದು ಬಲವಂತದ ದುಡಿಮೆ ಎಂದಿತು. ಕನ್ನಡದಲ್ಲಿ ಅದಕ್ಕೆ ಹಳೆಯ ಹೆಸರೇ ಇದೆ: ಬಿಟ್ಟಿ.

ಕಬ್ಬಿನ ಹೊಲಕ್ಕೆ ಬನ್ನಿ. ಉಗಾರ ಖುರ್ದದಲ್ಲಿ ಹಳೆಯ ಸಕ್ಕರೆ ಕಾರ್ಖಾನೆ ಇದೆ. ಈಗ ರಾಯಬಾಗ, ಅಥಣಿ, ಚಿಕ್ಕೋಡಿ ಎಲ್ಲಿ ನೋಡಿದರೂ ಕಬ್ಬು. ಹಂಗಾಮಿಗೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಗಂಡ-ಹೆಂಡತಿ ಕಬ್ಬು ಕಡಿಯಲು ಬರುತ್ತಾರೆ. ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದು ‘ಕೋಯ್ತಾ’, ಅಂದರೆ ಒಂದು ಕುಡುಗೋಲು. ಮೊದಲೇ ಎತ್ತಿಕೊಂಡ ಮುಂಗಡ ‘ಉಚಲ’. ಕಡಿದ ಟನ್ನುಗಳೆಲ್ಲ ಆ ಉಚಲ ತೀರಿಸಲು ಹೋಗುತ್ತವೆ. ಹೆಂಡತಿಯ ಹೆಸರಿನ ಹಣ ಯಾವುದು ಎಂದು ಯಾವ ಚೀಟಿಯಲ್ಲಿ ಹುಡುಕಬೇಕು?

ಅಥಣಿಯ ಚಪ್ಪಲಿ ಹೊಲಿಯುವವರಿಗೆ ಜೋಡಿಗಿಷ್ಟು. ಅಲ್ಲಿಯೂ ಪಗಾರ ಇಲ್ಲ.

ಪಗಾರ ಅನ್ನಿಸಿಕೊಂಡರೆ ಕಾಯ್ದೆ ಹತ್ತಿರ ಬರುತ್ತದೆ, ಬೇರೆ ಹೆಸರಿಟ್ಟರೆ ದೂರ ಸರಿಯುತ್ತದೆ. ಅಂಗನವಾಡಿ ಕಾರ್ಯಕರ್ತೆಗೆ ಸರ್ಕಾರ ಕೊಡುವುದು ‘ಗೌರವಧನ’. ಹೆಸರಿನಲ್ಲಿ ಗೌರವ ತುಂಬಿದೆ. ವೇತನ ಅಲ್ಲವಾದ್ದರಿಂದ ಕನಿಷ್ಠದ ಮಾತೇ ಬರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅವರಿಗೂ ಗ್ರಾಚ್ಯುಟಿ ಸಿಗಬೇಕು, ಆ ಕಾಯ್ದೆಯ ಮಟ್ಟಿಗೆ ಗೌರವಧನವೂ ವೇತನವೇ ಎಂದಿತು. ನಮ್ಮೂರ ಹೆಂಗಸರು ಅಂಗನವಾಡಿ ಅಕ್ಕನನ್ನು ಕಟ್ಟೆಯ ಮೇಲೆ ತಡೆದು, ಆ ತೀರ್ಪಿಗಿಂತ ಎಷ್ಟೋ ಮೊದಲಿನಿಂದ ಕೇಳುತ್ತಿರುವುದು ಇಷ್ಟೇ: ‘ಈ ತಿಂಗಳ ಪಗಾರ ಆತೇನಬೇ?’