ನಿರ್ದೇಶಕ ಮಂಡಳಿಗಳಲ್ಲಿ ಮಹಿಳೆಯರು (ಕರ್ನಾಟಕ)

ಕಂಪನಿ ಹಾಗೂ ಸಹಕಾರ ಸಂಘಗಳ ಆಡಳಿತದಲ್ಲಿ ಮಹಿಳೆಯರು ನಿರ್ದೇಶಕರಾಗಿ ಪಾಲ್ಗೊಳ್ಳುವ ವ್ಯವಸ್ಥೆ. ಕರ್ನಾಟಕದಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನ ಕಂಪನಿಗಳಿಗಿಂತ ಮೊದಲೇ ಪಂಚಾಯಿತಿಗಳಿಗೆ ಬಂದಿತ್ತು. 1983ರ ಕಾಯ್ದೆಯಂತೆ 1987ರಲ್ಲಿ ನಡೆದ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ ಚುನಾವಣೆಗಳಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಿತ್ತು.

ಕಾನೂನು: ನಾರ್ವೆ 2003ರಲ್ಲಿ ಕಂಪನಿ ಮಂಡಳಿಗಳಿಗೆ ಶೇ. 40ರ ಮೀಸಲಾತಿ ತಂದ ಮೊದಲ ದೇಶ. ಭಾರತದಲ್ಲಿ 2013ರ ಕಂಪನಿ ಕಾಯ್ದೆಯ 149ನೇ ಕಲಮು ಷೇರುಪೇಟೆಯ ಕಂಪನಿಗಳಲ್ಲಿ ಕನಿಷ್ಠ ಒಬ್ಬ ನಿರ್ದೇಶಕಿ ಇರಬೇಕೆಂದಿತು. 100 ಕೋಟಿ ರೂ. ಪಾವತಿಯಾದ ಬಂಡವಾಳ ಅಥವಾ 300 ಕೋಟಿ ರೂ. ವಹಿವಾಟು ಉಳ್ಳ ಇತರ ಸಾರ್ವಜನಿಕ ಕಂಪನಿಗಳಿಗೂ ಇದು ಅನ್ವಯ. 2015ರ ಏಪ್ರಿಲ್ 1ರ ಗಡುವು ಮೀರಿದವರಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 50,000 ರೂ.ಗಳಿಂದ ಶುರುವಾಗಿ ದಿನಲೆಕ್ಕದಲ್ಲಿ ಏರುವ ದಂಡ ಗೊತ್ತುಮಾಡಿತು. ಹಲವು ಕಂಪನಿಗಳು ಮಾಲೀಕರ ಮನೆಯ ಹೆಣ್ಣುಮಕ್ಕಳನ್ನೇ ನೇಮಿಸಿ ನಿಯಮ ಪೂರೈಸಿದವು. ಆದ್ದರಿಂದ ದೊಡ್ಡ 500 ಕಂಪನಿಗಳಿಗೆ 2019ರಿಂದ, 1,000 ಕಂಪನಿಗಳಿಗೆ 2020ರಿಂದ ಸ್ವತಂತ್ರ ನಿರ್ದೇಶಕಿ ಕಡ್ಡಾಯವಾಯಿತು.

ಕರ್ನಾಟಕದ ಕಂಪನಿಗಳು: ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಕಟ್ಟಿದರು. 1981ರಲ್ಲಿ ಇನ್ಫೋಸಿಸ್ ಸ್ಥಾಪಿಸಿದ ಏಳು ಮಂದಿಯೂ ಗಂಡಸರು. 2014ರಲ್ಲಿ ಅದರ ಮಂಡಳಿ ಸೇರಿದ ಶಾ, 2018ರಿಂದ 2023ರವರೆಗೆ ಪ್ರಧಾನ ಸ್ವತಂತ್ರ ನಿರ್ದೇಶಕಿಯಾಗಿದ್ದರು.

ಲಾಭದ ಪ್ರಶ್ನೆ: ನಾರ್ವೆಯ ಕಾನೂನಿನಿಂದ ಕಂಪನಿಗಳ ಮೌಲ್ಯ ಕುಸಿಯಿತೆಂದು 2012ರ ಅಧ್ಯಯನವೊಂದು ಹೇಳಿತು, ಅದರ ಲೆಕ್ಕವನ್ನು ನಂತರದ ಸಂಶೋಧಕರು ಒಪ್ಪಲಿಲ್ಲ. 140 ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆ, ನಿರ್ದೇಶಕಿಯರಿರುವ ಕಡೆ ಲೆಕ್ಕಪತ್ರದ ಲಾಭ ತುಸು ಹೆಚ್ಚೆಂದೂ ಷೇರುಪೇಟೆಯ ಮೌಲ್ಯದಲ್ಲಿ ಬಹುಪಾಲು ವ್ಯತ್ಯಾಸವಿಲ್ಲವೆಂದೂ ಕಂಡಿತು. ಅಮೆರಿಕದ ಕಂಪನಿಗಳ ಕುರಿತ 2009ರ ಅಧ್ಯಯನದಂತೆ ನಿರ್ದೇಶಕಿಯರು ಸಭೆ ತಪ್ಪಿಸುವುದು ಕಡಿಮೆ. ಅವರಿದ್ದ ಕಡೆ ಗಂಡಸರ ಹಾಜರಿಯೂ ಸುಧಾರಿಸಿತ್ತು.

ಸಹಕಾರ ಸಂಘಗಳು: ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ರೈತರಿಗೆ ಷೇರುಪೇಟೆಯ ಕಂಪನಿಗಿಂತ ಕೃಷಿ ಪತ್ತಿನ ಸಂಘ, ಹಾಲು ಉತ್ಪಾದಕರ ಸಂಘಗಳೇ ಹತ್ತಿರ. 2012ರಲ್ಲಿ ಜಾರಿಯಾದ ಸಂವಿಧಾನದ 97ನೇ ತಿದ್ದುಪಡಿ ಸಹಕಾರ ಸಂಘಗಳ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಮೀಸಲಿಟ್ಟಿತು. ರಾಜ್ಯದ ಕಾಯ್ದೆಯಲ್ಲೂ ಆ ನಿಯಮ ಸೇರಿತು. ರಾಜ್ಯಗಳ ಒಪ್ಪಿಗೆ ಪಡೆದಿರಲಿಲ್ಲವೆಂದು 2021ರಲ್ಲಿ ಸುಪ್ರೀಂ ಕೋರ್ಟ್, ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ತಿದ್ದುಪಡಿಯ ಆ ಭಾಗವನ್ನು ರದ್ದುಮಾಡಿತು. ಇಂಥ ಸಂಘದ ಲಾಭ-ನಷ್ಟ ತಿಳಿಯುವುದು ಸಾಲ ವಸೂಲಾತಿ, ಹಾಲಿನ ಬಟವಾಡೆ, ವರ್ಷದ ಲಾಭಾಂಶಗಳಿಂದ. ಮಹಿಳೆಯರಿಗೆ ಸ್ಥಾನ ಕೊಡುವುದರಿಂದ ಲಾಭ ಖಚಿತವೆನ್ನಲು ಈವರೆಗಿನ ಅಧ್ಯಯನಗಳು ಸಾಲವು. ನಷ್ಟವಾಗುತ್ತದೆಂಬ ವಾದಕ್ಕೂ ಅವುಗಳಲ್ಲಿ ಗಟ್ಟಿ ಆಧಾರವಿಲ್ಲ.