ಹಸಿರು ಮಣಿ, ಕೆಂಪು ಮಣಿ

ನನ್ನ ಹೆಂಡತಿ ಐದನೇ ತಿಂಗಳ ಬಸುರಿಯಾಗಿದ್ದಾಗ ಡಾಕ್ಟರಮ್ಮ ಒಂದು ಫಾರ್ಮ್ ಕೊಟ್ಟು, ತುಂಬಿಸಿಕೊಂಡು ಬನ್ನಿ ಅಂದಿದ್ದರು. ಎರಡೂ ಮನೆಯಲ್ಲಿ ಬಿಪಿ, ಶುಗರ್ ಯಾರಿಗಿದೆ, ಅವಳಿ ಮಕ್ಕಳು ಹುಟ್ಟಿದ್ದುಂಟಾ, ಹುಟ್ಟಿದ ಮಗು ತೀರಿಕೊಂಡಿದ್ದುಂಟಾ, ಹೀಗೆ ಎರಡು ಪುಟ. ಅವಳು ಅಮ್ಮನಿಗೆ ಫೋನ್ ಮಾಡಿ ಹತ್ತೇ ನಿಮಿಷದಲ್ಲಿ ತನ್ನ ಕಡೆಯದನ್ನು ಮುಗಿಸಿದಳು. ನಾನು ನನ್ನ ಕಡೆಯ ಕಾಲಂಗಳಿಗೆಲ್ಲ 'ಇಲ್ಲ, ಇಲ್ಲ, ಇಲ್ಲ' ಅಂತ ಟಿಕ್ ಹಾಕ್ತಾ ಹೋದೆ.

"ಯಾರನ್ನೂ ಕೇಳದೆ ನಿಂಗೆ ಹೇಗೆ ಗೊತ್ತು?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಶನಿವಾರ ಊರಿಗೆ ಹೋದೆ. ನಮ್ಮೂರು ರಾಮನಗರದಿಂದ ಮಾಗಡಿ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ಸಿಗುತ್ತೆ. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿತ್ತು. ಅಜ್ಜಿಯ ವಯಸ್ಸು ಎಷ್ಟು ಅಂತ ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಕೇಳಿದರೆ "ಗಾಂಧಿ ತೀರ್ಕಂಡಾಗ ನಾನು ಎಮ್ಮೆ ಮೇಯಿಸ್ತಿದ್ದೆ" ಅನ್ನುತ್ತೆ. ಪಕ್ಕದಲ್ಲಿ ಕೂತು ನಾನೂ ಎರಡು ಕಾಯಿ ಸುಲಿದು, "ಅಜ್ಜಿ, ನಿಂಗೆ ಎಷ್ಟು ಹೆರಿಗೆ ಆಗಿದ್ವು?" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿತು.

"ಹೆತ್ತಿದ್ದು ಒಂಬತ್ತು ಕಣ್ಲಾ ಮಗ. ಉಳ್ದಿದ್ದು ಐದು. ಹೋದವ್ರಲ್ಲಿ ಎರ್ಡು ಅವಳಿ."

ಆ ಐದು ಜನ ನನಗೆ ಗೊತ್ತು: ನಮ್ಮಪ್ಪ, ಇಬ್ಬರು ಚಿಕ್ಕಪ್ಪಂದಿರು, ಇಬ್ಬರು ಅತ್ತೆಯರು. ಉಳಿದ ನಾಲ್ಕರ ಸುದ್ದಿ ಮೂವತ್ತು ಚಿಲ್ಲರೆ ವರ್ಷ ಇದೇ ಮನೆಯಲ್ಲಿ ಓಡಾಡಿದ ನನ್ನ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ, "ನೀನು ಕೇಳಿದ್ಯಾ?" ಅಂತು.

ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಒಂಬತ್ತು ತಲೆಯಲ್ಲೇ ಕೂತಿತ್ತು. ನಮ್ಮಂಥವರಿಗೆ ಏನಾದರೂ ತಲೆಗೆ ಹೊಕ್ಕರೆ ರಾತ್ರಿಯೆಲ್ಲ ಓದುವ ರೋಗ ತಾನೆ? ಓದಿದೆ. ನಮ್ಮ ರಾಜ್ಯದ ಬಗ್ಗೆ ಶಾಲೆಯಲ್ಲಿ ಯಾರೂ ಹೇಳಿಕೊಡದ ಒಂದು ಚರಿತ್ರೆ ಸಿಕ್ಕಿತು.

1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರಾಗಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿ ಇದ್ದಾಗ, ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನು ತೆರೆಯಿತು. ಒಂದು ಸರ್ಕಾರವೇ ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲಿ ಅದೇ ಮೊದಲು ಅಂತ ಈ ವಿಷಯದ ಚರಿತ್ರೆ ಬರೆದವರು ಹೇಳ್ತಾರೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ಏನು ನಡೀತಿತ್ತು ನೋಡಿ. ಮಾರ್ಗರೆಟ್ ಸ್ಯಾಂಗರ್ ಅನ್ನುವ ನರ್ಸ್ 1916ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇಂಥದ್ದೇ ಕ್ಲಿನಿಕ್ ತೆರೆದಾಗ ಪೊಲೀಸರು ಬಂದು ಮುಚ್ಚಿಸಿದ್ದರು, ಆಕೆ ಮೂವತ್ತು ದಿನ ಜೈಲಿನಲ್ಲಿದ್ದರು. ಅಲ್ಲಿನ ಡಾಕ್ಟರುಗಳು ಗರ್ಭನಿರೋಧಕ ಸಾಧನಗಳನ್ನು ತರಿಸಿಕೊಳ್ಳಲು ಕೋರ್ಟು ದಾರಿ ಬಿಟ್ಟಿದ್ದು 1936ರಲ್ಲಿ.

ಈ ಸ್ಯಾಂಗರ್ 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯನ್ನು ಕಂಡರು. ಇಬ್ಬರಿಗೂ ಒಮ್ಮತ ಬರಲಿಲ್ಲ. ಗಾಂಧೀಜಿಗೆ ಸಂಯಮವೇ ದಾರಿ, ಸಾಧನಗಳು ಬೇಡ. ತಿಂಗಳಲ್ಲಿ ಗರ್ಭ ನಿಲ್ಲದ ದಿನಗಳನ್ನು ಲೆಕ್ಕ ಹಾಕುವ ವಿಧಾನಕ್ಕೆ ಮಾತ್ರ ಅವರ ವಿರೋಧ ಅಷ್ಟು ಬಿಗಿಯಾಗಿರಲಿಲ್ಲ.

ಆ ಸಣ್ಣ ಸಡಿಲ ಹದಿನೇಳು ವರ್ಷ ಆದಮೇಲೆ ನಮ್ಮೂರಿನ ಬಾಗಿಲಿಗೇ ಬಂದಿತ್ತು ಅನ್ನೋದನ್ನು ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಜನಸಂಖ್ಯೆಯ ಬಗ್ಗೆ ಏನಾದರೂ ಮಾಡಬೇಕು, ಆದರೆ ಸಾಧನಗಳು ಅವರ ಮನಸ್ಸಿಗೆ ಒಗ್ಗವು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. ಅಬ್ರಹಾಂ ಸ್ಟೋನ್ ಅನ್ನುವ ಅಮೆರಿಕನ್ ಡಾಕ್ಟರ್ ಬಂದರು. ದಿನ ಲೆಕ್ಕ ಹಾಕುವ ವಿಧಾನವನ್ನು ಜನರಿಗೆ ಕಲಿಸಿ ನೋಡೋಣ ಅಂತ 1952ರಲ್ಲಿ ಪ್ರಯೋಗ ಶುರುವಾಯಿತು. ಅದಕ್ಕೆ ಆರಿಸಿದ ಜಾಗಗಳಲ್ಲಿ ಒಂದು ದಿಲ್ಲಿಯ ಲೋಧಿ ಕಾಲೋನಿ. ಇನ್ನೊಂದು ನಮ್ಮ ರಾಮನಗರ!

ಷೋಲೆ ಶೂಟಿಂಗ್ ಆದ ರಾಮನಗರ ಎಲ್ಲರಿಗೂ ಗೊತ್ತು. ರೇಷ್ಮೆ ಗೂಡಿನ ಮಾರ್ಕೆಟ್ಟಿನ ರಾಮನಗರವೂ ಗೊತ್ತು. ಹೆಂಗಸರ ಕೈಗೆ ಮಣಿಸರ ಕೊಟ್ಟ ರಾಮನಗರ ನನಗಂತೂ ಗೊತ್ತಿರಲಿಲ್ಲ. ಓದು ಬಾರದವರಿಗೆ ಕ್ಯಾಲೆಂಡರ್ ಹೇಗೆ? ಅದಕ್ಕೇ ಸ್ಟೋನ್ ಬಣ್ಣದ ಮಣಿಗಳ ಸರ ಮಾಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ. ಕೆಂಪು ಬಂದರೆ ಗಂಡನಿಂದ ದೂರ.

ಮುಂದಿನ ಭಾನುವಾರ ಇದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು.

"ಆಗ ಕರೆಂಟ್ ಇತ್ತೇನ್ಲಾ ನಮ್ಮೂರಾಗೆ? ಕತ್ಲಲ್ಲಿ ಹಸ್ರು ಯಾವ್ದು ಕೆಂಪು ಯಾವ್ದು? ಕುಡ್ದು ಬಂದ ಗಂಡ ಮಣಿ ನೋಡಿ ಆಚೆ ಮಲಗ್ತಾನಾ?"

ಸ್ಟೋನ್ ಪ್ರಯೋಗ ಎಡವಿದ್ದಕ್ಕೆ ವರದಿಗಳು ಕೊಡುವ ಕಾರಣಗಳಲ್ಲಿ ಮುಖ್ಯವಾದವನ್ನು ಅಜ್ಜಿ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿತ್ತು. ಕತ್ತಲಲ್ಲಿ ಬೆರಳಿಗೇ ಗೊತ್ತಾಗಲಿ ಅಂತ ಆಮೇಲೆ ಮಣಿಗಳ ಆಕಾರವನ್ನೇ ಬೇರೆ ಮಾಡಿದರಂತೆ. ಸರ ಕೊರಳಲ್ಲಿದ್ದರೆ ಸಾಕು, ತಾಯತದ ಹಾಗೆ ಅದೇ ಕಾಯುತ್ತೆ ಅಂದುಕೊಂಡವರೂ ಇದ್ದರಂತೆ. ಈ ಕತೆಗಳನ್ನು ಜನಸಂಖ್ಯಾ ತಜ್ಞರು ಬಹಳ ಕಾಲ ಜೋಕಿನ ಹಾಗೆ ಹೇಳಿಕೊಂಡು ನಕ್ಕರು. ಹಳ್ಳಿ ಹೆಂಗಸರಿಗೆ ಅರ್ಥ ಆಗಲ್ಲ ಅನ್ನೋದು ಆ ನಗುವಿನ ಸಾರಾಂಶ.

ಆದರೆ ಅದೇ ಕಾಲದ ಇನ್ನೊಂದು ಕಡತ ಬೇರೆಯದೇ ಹೇಳುತ್ತೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಬೆಂಗಳೂರಿನಲ್ಲಿ, ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಒಂದು ದೊಡ್ಡ ಸಮೀಕ್ಷೆ ಮಾಡಿದವು. 'ಮೈಸೂರು ಪಾಪ್ಯುಲೇಷನ್ ಸ್ಟಡಿ' ಅಂತ 1961ರಲ್ಲಿ ಅದು ಪುಸ್ತಕವಾಗಿ ಬಂತು. ಅದರಲ್ಲಿ ಹೆಂಗಸರನ್ನೇ ಕೂರಿಸಿಕೊಂಡು ಇನ್ನೂ ಮಕ್ಕಳು ಬೇಕಾ ಅಂತ ಕೇಳಿದ್ದರು. ಒಂದಷ್ಟು ಮಕ್ಕಳಾದ ಮೇಲೆ ಇನ್ನು ಸಾಕು ಅಂದವರು ಹಳ್ಳಿಗಳಲ್ಲೂ ಬಹಳ ಇದ್ದರು. ತಡೆಯೋದು ಹೇಗೆ ಅಂತ ಗೊತ್ತಿದ್ದವರು ಕಮ್ಮಿ. ಅಂದರೆ ಅವರಿಗೆ ಅರ್ಥ ಆಗದೇ ಇದ್ದದ್ದು ಏನೂ ಇರಲಿಲ್ಲ. ಕೈಗೆ ಸಿಕ್ಕಿದ್ದೇ ಮಣಿಸರ.

"ನಿಂಗೂ ಸಾಕು ಅನ್ನಿಸಿತ್ತಾ ಅಜ್ಜಿ?"

"ಮೂರಕ್ಕೇ ಅನ್ನಿಸ್ತು. ಯಾರ್ಗೆ ಹೇಳನ? ನಮ್ಮತ್ತೆ ಹನ್ನೊಂದು ಹೆತ್ತಿದ್ಲು."

ಆಮೇಲೆ ಮಾತು ತಾನಾಗೇ ಬಂತು. 1965ರ ಹೊತ್ತಿಗೆ ಸರ್ಕಾರ ಲೂಪ್ ತಂದಾಗ ನಮ್ಮ ಕಡೆ ಅದಕ್ಕೆ ವಂಕಿ ಅಂದರು. ಊರಲ್ಲಿ ಒಬ್ಬಾಕೆ ಹಾಕಿಸಿಕೊಂಡು ಮೂರು ತಿಂಗಳು ರಕ್ತ ಹೋಗಿ ಹಾಸಿಗೆ ಹಿಡಿದಳಂತೆ. ವಾಪಸ್ ತೆಗೆಸಲು ಹೋದರೆ ಕೇಳುವವರಿಲ್ಲ. ಅಲ್ಲಿಗೆ ಮಿಕ್ಕವರೆಲ್ಲ ವಂಕಿ ಆಸೆ ಬಿಟ್ಟರು. ದೇಶದ ಉದ್ದಕ್ಕೂ ವಂಕಿ ಸೋತಿದ್ದು ಹೆಚ್ಚುಕಮ್ಮಿ ಹೀಗೇ. ಹಾಕಲು ಕ್ಯಾಂಪ್ ಇತ್ತು, ಹಾಕಿದ ಮೇಲೆ ನೋಡಿಕೊಳ್ಳಲು ಜನ ಇರಲಿಲ್ಲ.

ಆಮೇಲೆ ತುರ್ತು ಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಬಲವಂತ ಹೆಚ್ಚು ನಡೆದದ್ದು ಉತ್ತರದಲ್ಲಿ. ಆದರೂ ನಮ್ಮೂರಲ್ಲಿ ಮೇಷ್ಟ್ರು 'ಕೇಸ್' ಹುಡುಕಿಕೊಂಡು ಮನೆಮನೆ ತಿರುಗಿದರಂತೆ, ತಾತ ಒಂದು ತಿಂಗಳು ಹೊಲದ ಗುಡಿಸಲಲ್ಲೇ ಮಲಗಿದರಂತೆ. ಅದನ್ನು ಹೇಳುವಾಗ ಅಜ್ಜಿ ನಗಲಿಲ್ಲ. "ನಿಮ್ ತಾತ ಅವತ್ತು ಹೋಗಿದ್ರೆ ನನ್ನ ಕೊನೇದು ಹುಟ್ಟಿ ಸಾಯ್ತಿರ್ಲಿಲ್ಲ" ಅಂತು.

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ತುರ್ತು ಪರಿಸ್ಥಿತಿಯ ಬಗ್ಗೆ ನಾನು ಓದಿದ್ದೆಲ್ಲ ಹಿಡಿದೊಯ್ದ ಗಂಡಸರ ನೋವು. ಅದು ನಿಜವಾದ ನೋವೇ. ಆದರೆ ಗಂಡ ಗುಡಿಸಲಲ್ಲಿ ಅವಿತಾಗ ಮನೆಯೊಳಗಿದ್ದವಳು ಏನು ಬಯಸಿದಳು ಅಂತ ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

1977ರ ಚುನಾವಣೆಯಲ್ಲಿ ಇಂದಿರಾ ಗಾಂಧಿ ಸೋತರು. ಗಂಡಸರ ಆಪರೇಷನ್ ಮುಟ್ಟಿದರೆ ಓಟು ಹೋಗುತ್ತೆ ಅನ್ನೋದು ಎಲ್ಲ ಪಕ್ಷಗಳಿಗೂ ಮನವರಿಕೆ ಆಯಿತು. 'ಕುಟುಂಬ ಯೋಜನೆ' ಹೋಗಿ 'ಕುಟುಂಬ ಕಲ್ಯಾಣ' ಅನ್ನುವ ಹೆಸರು ಬಂತು. ಟಾರ್ಗೆಟ್ ಮಾತ್ರ ಹಾಗೇ ಉಳಿಯಿತು. ಅದು ಸದ್ದಿಲ್ಲದೆ ಹೆಂಗಸರ ಕಡೆ ತಿರುಗಿತು. ನಾವು ಚಿಕ್ಕವರಿದ್ದಾಗ ಗೋಡೆಗಳ ಮೇಲೆ ಕೆಂಪು ತ್ರಿಕೋನ, 'ಆರತಿಗೊಬ್ಬಳು ಕೀರ್ತಿಗೊಬ್ಬ' ನೋಡಿದ್ದು ನೆನಪಿದೆಯಾ? ಆ ಗೋಡೆಯ ಹಿಂದಿದ್ದ ಟಾರ್ಗೆಟ್ ಅಧಿಕೃತವಾಗಿ ಹೋಗಿದ್ದು 1996ರಲ್ಲಿ.

ನಮ್ಮವ್ವನ ಆಪರೇಷನ್ ಆಗಿದ್ದು ಅದಕ್ಕೂ ಮುಂಚೆ. ಹೊಟ್ಟೆಯ ಮೇಲಿನ ಕಲೆ ಚಿಕ್ಕಂದಿನಲ್ಲೇ ನೋಡಿದ್ದೆ. ಈ ಚರಿತ್ರೆ ಎಲ್ಲ ಓದಿಕೊಂಡ ಮೇಲೆ ನನ್ನ ತಲೆಯಲ್ಲಿ ಒಂದು ಕತೆ ರೆಡಿಯಾಗಿತ್ತು: ಬಡ ಹೆಂಗಸು, ಟಾರ್ಗೆಟ್ ಹಿಂದೆ ಬಿದ್ದ ನರ್ಸ್, ಮೋಸ. ಅವ್ವ ಒಲೆ ಮುಂದೆ ಮುದ್ದೆ ತಿರುವುತ್ತಿದ್ದಾಗ ಕೇಳಿದೆ, "ನಿಂಗೆ ಬಲವಂತ ಮಾಡಿದ್ರಾ ಅವ್ವ?"

"ಬಲವಂತನಾ? ನಾನೇ ಹೋಗಿದ್ದು. ನಿನ್ ತಂಗಿ ಹುಟ್ಟಿ ಎಂಟು ತಿಂಗ್ಳು. ನಂಗೆ ಇಪ್ಪತ್ಮೂರು."

"ಅಪ್ಪ ಒಪ್ಪಿದ್ರಾ?"

ಅವ್ವ ಜಗಲಿ ಕಡೆ ನೋಡಿತು. ಅಜ್ಜಿ ಅಲ್ಲಿಂದಲೇ ಕೂಗಿತು: "ನಾನೇ ಕರ್ಕಂಡು ಹೋದೆ ಕಣ್ಲಾ. ನಿಮ್ ತಾತಂಗೂ ನಿಮ್ಮಪ್ಪಂಗೂ ನೆಂಟ್ರ ಮನೆಗೆ ಹೋಗ್ತೀವಿ ಅಂದ್ವಿ."

ಒಂಬತ್ತು ಹೆತ್ತ ಅತ್ತೆ, ಎರಡು ಹೆತ್ತ ಸೊಸೆಯನ್ನು ಸುಳ್ಳು ಹೇಳಿ ಬಸ್ಸು ಹತ್ತಿಸಿಕೊಂಡು ಹೋಗಿತ್ತು. ಹಿಂದಿನ ರಾತ್ರಿ ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಇಬ್ಬರೂ ಮಾತಾಡಿಕೊಂಡಿದ್ದಂತೆ. ಮಾತು ಅಂದರೆ ಎಷ್ಟು? ಅವ್ವ "ಇನ್ನು ನನ್ ಕೈಲಾಗಲ್ಲ ಅತ್ತೆ" ಅಂದಿದ್ದು, ಅಜ್ಜಿ "ನಾಳೆ ಬೇಗ ಎದ್ದು ಸ್ನಾನ ಮಾಡು" ಅಂದಿದ್ದು. ಅಷ್ಟೇ.

ಆದರೆ ಕ್ಯಾಂಪಿನ ಕತೆ ಸುಖದ್ದಲ್ಲ. ಒಂದು ಸ್ಕೂಲ್ ಕೋಣೆಯಲ್ಲಿ ನೆಲದ ಮೇಲೆ ಸಾಲಾಗಿ ಮಲಗಿಸಿದ್ದರು. ಏನು ಮಾಡುತ್ತಾರೆ, ಆಮೇಲೆ ಏನಾಗಬಹುದು, ಬೇರೆ ದಾರಿ ಇದೆಯಾ ಅಂತ ಒಬ್ಬರೂ ಹೇಳಲಿಲ್ಲ. ಒಂದು ಹೆಬ್ಬೆಟ್ಟು, ಒಂದಿಷ್ಟು ದುಡ್ಡು, ಸಂಜೆಗೆ ಅದೇ ಬಸ್ಸು. ಹತ್ತು ದಿನಕ್ಕೆ ರಾಗಿ ಹೊಲದ ಕಳೆ ತೆಗೆಯಲು ಇಳಿಯಿತು. ಗಾಯ ಕೀವಾಗಿ ತಿಂಗಳು ನರಳಿತು. "ಹೋಗಿದ್ದು ನಾನೇ. ಆದ್ರೆ ಮನುಷ್ರು ಅಂತ ನೋಡ್ಲಿಲ್ಲ" ಅಂತು ಅವ್ವ.

ಇಂಥ ಕ್ಯಾಂಪುಗಳು ಆಮೇಲೂ ನಿಲ್ಲಲಿಲ್ಲ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಹತ್ತಿರ ಒಂದೇ ದಿನ 83 ಹೆಂಗಸರಿಗೆ ಕೆಲವೇ ಗಂಟೆಗಳಲ್ಲಿ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಮೂರು ವರ್ಷದೊಳಗೆ ಕ್ಯಾಂಪುಗಳನ್ನು ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ.

ನಾನು ಮಾಡಿಕೊಂಡಿದ್ದ ರೆಡಿಮೇಡ್ ಕತೆಯಲ್ಲಿ ಅವ್ವನಿಗೆ ಜಾಗ ಇರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಅವ್ವ ಒಂದು ಕೇಸ್, ನನ್ನ ಲೆಕ್ಕದಲ್ಲಿ ಮೋಸ ಹೋದವಳು. ಎರಡೂ ತಪ್ಪು. ನಿರ್ಧಾರ ಅವಳದ್ದೇ, ಅದನ್ನು ನಡೆಸಿಕೊಟ್ಟ ರೀತಿ ಮಾತ್ರ ಅವಮಾನದ್ದು. 1930ರ ಆದೇಶ, ವಾರ್ಧಾದ ಮಾತುಕತೆ, ಸ್ಟೋನ್ ವರದಿ ಎಲ್ಲಕ್ಕೂ ಕಡತ ಇದೆ. ಕೊಟ್ಟಿಗೆಯ ಆ ಎರಡು ವಾಕ್ಯಕ್ಕೆ ಇಲ್ಲ. ಆದರೆ ನಮ್ಮ ಮನೆಯ ಚರಿತ್ರೆ ತಿರುಗಿದ್ದು ಅಲ್ಲೇ. ನಾನು ಬಿಇ ಓದಿದ್ದು, ತಂಗಿ ಡಿಗ್ರಿ ಮಾಡಿದ್ದು ಆ ಬಸ್ ಪ್ರಯಾಣದ ಮೇಲೆ ನಿಂತಿದೆ.

ಈಚಿನ ಲೆಕ್ಕ ಬೇಕಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ನೂರಕ್ಕೆ ಸುಮಾರು 38 ಕಡೆ ಹೆಂಡತಿಗೆ ಆಪರೇಷನ್ ಆಗಿತ್ತು. ಕರ್ನಾಟಕದಲ್ಲಿ ಅದು ಅರ್ಧಕ್ಕಿಂತ ಜಾಸ್ತಿ. ಗಂಡನಿಗೆ ಆಗಿದ್ದು ದೇಶದಲ್ಲಿ ನೂರಕ್ಕೆ ಅರ್ಧವೂ ಇರಲಿಲ್ಲ. ಎರಡರಲ್ಲಿ ಗಂಡಸಿನ ಆಪರೇಷನ್ನೇ ಸುಲಭ, ಅಪಾಯ ಕಮ್ಮಿ ಅಂತ ಯಾವ ಡಾಕ್ಟರನ್ನು ಕೇಳಿದರೂ ಹೇಳ್ತಾರೆ.

ಫಾರ್ಮ್ ಹೊಸದಾಗಿ ತುಂಬಿದೆ. ಅವಳಿ: ಹೌದು. ಶಿಶು ಮರಣ: ನಾಲ್ಕು. ಮಗಳು ಹುಟ್ಟಿ ಈಗ ಎರಡು ವರ್ಷ. ಹೆಂಡತಿ ಒಂದೇ ಸಾಕು ಅನ್ನುತ್ತಾಳೆ, ನನ್ನದೂ ಅದೇ ಅಭಿಪ್ರಾಯ. ಹೋದ ಯುಗಾದಿಗೆ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ, ಇನ್ನೊಂದು ಬೇಕು ಅಂತ ಹಟ ಮಾಡಬಹುದು ಅನ್ನೋ ಅಳುಕಿನಲ್ಲೇ.

ಅವ್ವ ಒಬ್ಬಟ್ಟು ತಟ್ಟುತ್ತಾ ತಲೆ ಎತ್ತದೆ ಅಂತು: "ನಿಮ್ಗೆ ಸರಿ ಕಂಡಂಗೆ ಮಾಡಿ. ಆದ್ರೆ ಆಪರೇಷನ್ ಮಾಡಿಸೋದಾದ್ರೆ ಈ ಸಲ ನೀನೇ ಮಾಡಿಸ್ಕೋ. ಅವಳ ಹೊಟ್ಟೆ ಕುಯ್ಯಿಸ್ಬೇಡ."

ಹೆಂಡತಿ ನನ್ನ ಕಡೆ ನೋಡಿದಳು. ಅಜ್ಜಿಯೂ ನೋಡಿತು. "ನೋಡೋಣ" ಅಂದೆ. ತಾತ ಗುಡಿಸಲಿಗೆ ಹೊರಟಾಗಲೂ ಇದೇ ಮಾತು ಹೇಳಿದ್ದರೋ ಏನೋ. ಮುಂದಿನ ವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ.