ಟ್ಯೂಬಿಂಗನ್ ನಗರವೂ ಕನ್ನಡ ನುಡಿಯೂ

ಜರ್ಮನಿಯ ನೈಋತ್ಯ ಭಾಗದಲ್ಲಿ, ಸ್ಟುಟ್‌ಗಾರ್ಟ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ನೆಕ್ಕರ್ ಎಂಬ ನದಿಯ ದಂಡೆಯ ಮೇಲೆ ಟ್ಯೂಬಿಂಗನ್ ಎಂಬ ಊರಿದೆ. ಅದರ ಜನಸಂಖ್ಯೆ ಸುಮಾರು 90,000. ಅಂದರೆ ನಮ್ಮ ಸೊಲ್ಲಾಪುರ ನಗರದ ಹತ್ತನೆಯ ಒಂದು ಪಾಲು. ದೊಡ್ಡ ಗಿರಣಿಗಳಿಂದಾಗಲಿ, ವ್ಯಾಪಾರದಿಂದಾಗಲಿ, ರಾಜವೈಭವದಿಂದಾಗಲಿ ಅದು ಹೆಸರಾದುದಲ್ಲ. ಓದು ಬರಹಗಳೇ ಅದರ ಬಾಳು, ಅವೇ ಅದರ ಕೀರ್ತಿ.

ಸೀನಾ ಮತ್ತು ಭೀಮಾ ನದಿಗಳ ನಡುವೆ ಇರುವ ನಮ್ಮ ಮಂದ್ರೂಪಕ್ಕೂ ಆ ದೂರದ ಊರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದವರು ವಿದ್ಯೆ ಕಲಿತುದು ಆ ಊರಿನಲ್ಲಿ. ಇಂದಿಗೂ ನಮ್ಮ ಪಂಡಿತರು ಕೈಗೆತ್ತಿಕೊಳ್ಳುವ ಕನ್ನಡದ ಮಹಾನಿಘಂಟನ್ನು ರಚಿಸಿದವರು ಕೊನೆಯುಸಿರೆಳೆದುದೂ ಆ ಊರಿನಲ್ಲಿಯೇ. ಹೀಗಿರುವಾಗ ಟ್ಯೂಬಿಂಗನ್ನಿನ ಸಾಂಸ್ಕೃತಿಕ ಜೀವನವನ್ನು ಅರಿಯುವುದು ನಮ್ಮ ನುಡಿಯ ಚರಿತ್ರೆಯ ಒಂದು ಪುಟವನ್ನು ಓದಿದಂತೆಯೇ ಸರಿ.

ಈ ಊರಿನ ವಿಶ್ವವಿದ್ಯಾಲಯವು 1477ರಲ್ಲಿ ಸ್ಥಾಪಿತವಾಯಿತು. ಅದನ್ನು ಸ್ಥಾಪಿಸಿದವನು ವುರ್ಟೆಂಬರ್ಗ್ ಸೀಮೆಯ ದೊರೆ ಎಬರ್‌ಹಾರ್ಟ್. ನಮ್ಮಲ್ಲಿ ಆಗ ವಿಜಯನಗರದ ಸಂಗಮ ವಂಶದ ಕೊನೆಯ ಅರಸರೂ ಬೀದರದ ಬಹಮನಿ ಸುಲ್ತಾನರೂ ಆಳುತ್ತಿದ್ದ ಕಾಲ. 1498ರಲ್ಲಿ ಊರಿಗೆ ಮುದ್ರಣಾಲಯ ಬಂದಿತು. ಗುರುವಿದ್ದೆಡೆಯಲ್ಲಿ ಶಿಷ್ಯರು ಕೂಡುವರು, ಶಿಷ್ಯರು ಕೂಡಿದೆಡೆಯಲ್ಲಿ ಗ್ರಂಥಗಳು ಬೇಕಾಗುವುವು. ಗ್ರಂಥಗಳು ಬೇಕಾದೆಡೆಯಲ್ಲಿ ಅಚ್ಚಿನ ಮನೆಗಳೂ ಪುಸ್ತಕದ ಅಂಗಡಿಗಳೂ ತಾವಾಗಿ ಹುಟ್ಟಿಕೊಳ್ಳುವುವು. ಮುಂದೆ 1659ರಲ್ಲಿ ಕೋಟಾ ಮನೆತನದವರ ಪ್ರಕಾಶನ ಸಂಸ್ಥೆಯು ಇಲ್ಲಿಯೇ ಮೊದಲಾಗಿ, ಗಯಟೆ, ಶಿಲ್ಲರ್ ಮುಂತಾದ ಮಹಾಕವಿಗಳ ಕೃತಿಗಳನ್ನು ಹೊರತರುವಷ್ಟು ಬೆಳೆಯಿತು.

ವಿಶ್ವವಿದ್ಯಾಲಯದ ಜೊತೆಗೆ ಹೇಳಬೇಕಾದುದು 'ಶ್ಟಿಫ್ಟ್' ಎಂಬ ವಿದ್ಯಾರ್ಥಿನಿಲಯ. ಡ್ಯೂಕ್ ಉಲ್ರಿಚ್ 1536ರಲ್ಲಿ ಇದನ್ನು ಏರ್ಪಡಿಸಿದನು. ನಾಡಿನ ಬೇರೆ ಬೇರೆ ಊರುಗಳಿಂದ ಬಂದ ಬುದ್ಧಿವಂತ ಹುಡುಗರಿಗೆ, ಅವರು ಬಡವರಾದರೂ, ಊಟ ವಸತಿಗಳನ್ನು ಕೊಟ್ಟು ಮುಂದೆ ಪಾದ್ರಿಗಳನ್ನಾಗಿಯೂ ಉಪಾಧ್ಯಾಯರನ್ನಾಗಿಯೂ ಮಾಡುವುದು ಇದರ ಉದ್ದೇಶ. ನಮ್ಮ ಮಠಗಳು ನಡೆಯಿಸಿಕೊಂಡು ಬಂದಿರುವ ಉಚಿತ ಪ್ರಸಾದನಿಲಯಗಳನ್ನು ಬಲ್ಲವರಿಗೆ ಇದರ ಸ್ವರೂಪವನ್ನು ವಿವರಿಸಿ ಹೇಳಬೇಕಾದುದಿಲ್ಲ. ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರ್ ಇಲ್ಲಿಯ ಅನ್ನವನ್ನುಂಡು ಓದಿದವನು. ಭೂಮಿಯೇ ಸೂರ್ಯನನ್ನು ಸುತ್ತುವುದೆಂಬ ಮತವನ್ನು ಅವನು ಅರಿತುದು ಇಲ್ಲಿಯ ಗುರು ಮೇಸ್ಟ್ಲಿನ್ ಎಂಬವನಿಂದ. 1790ರ ಸುಮಾರಿಗೆ ತತ್ತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಮತ್ತು ಕವಿ ಹೊಲ್ಡರ್ಲಿನ್ ಈ ಮೂವರೂ ಇದೇ ನಿಲಯದಲ್ಲಿ ಒಟ್ಟಿಗೆ ಇದ್ದರು. ಹೊಲ್ಡರ್ಲಿನ್ ಕವಿಗೆ ಮುಂದೆ ಚಿತ್ತಭ್ರಮೆಯಾಯಿತು. 1807ರಿಂದ 1843ರವರೆಗೆ ಮೂವತ್ತಾರು ವರ್ಷಗಳ ಕಾಲ ಅವನನ್ನು ಸಾಕಿದುದು ಝಿಮ್ಮರ್ ಎಂಬ ಬಡಗಿಯ ಕುಟುಂಬ. ನದಿಯ ದಂಡೆಯ ಮೇಲೆ ಕವಿಯು ವಾಸಿಸಿದ ಎಡೆಯಲ್ಲಿರುವ ಗೋಪುರದಾಕಾರದ ಮನೆಯನ್ನು ಊರವರು ಇಂದಿಗೂ ಕಾಪಾಡಿಕೊಂಡಿದ್ದಾರೆ. ಬಡಗಿಯೊಬ್ಬನು ಕವಿಯ ಬೆಲೆಯನ್ನರಿತ ಊರು ಎಂದ ಮೇಲೆ ಅಲ್ಲಿಯ ಸಂಸ್ಕೃತಿಯನ್ನು ಕುರಿತು ಬೇರೆ ಸಾಕ್ಷಿ ಬೇಡ.

ಆ ಕವಿಯು ನೆಕ್ಕರ್ ದಂಡೆಯಲ್ಲಿ ಕಾಲ ಕಳೆಯುತ್ತಿದ್ದಾಗಲೇ, 1830ರ ಸುಮಾರಿಗೆ, ಹೆರ್ಮನ್ ಮೋಗ್ಲಿಂಗ್ ಎಂಬ ತರುಣನು ಟ್ಯೂಬಿಂಗನ್ನಿನಲ್ಲಿ ವಿದ್ಯಾರ್ಥಿಯಾಗಿದ್ದನು. 1811ರಲ್ಲಿ ಬ್ರಾಕನ್‌ಹೈಮ್ ಎಂಬಲ್ಲಿ ಹುಟ್ಟಿದ ಇವರು ಬಾಸೆಲ್ ಮಿಶನ್ನನ್ನು ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಯೇ ಓದಿದ ಹೆರ್ಮನ್ ಗುಂಡರ್ಟ್ ಇವರ ಗೆಳೆಯರು. ಅವರೂ ಅದೇ ವರ್ಷ ಹಿಂದುಸ್ತಾನಕ್ಕೆ ಬಂದು ಮಲಯಾಳದಲ್ಲಿ ನೆಲೆಸಿ, 1872ರಲ್ಲಿ ಆ ಭಾಷೆಗೆ ದೊಡ್ಡ ನಿಘಂಟನ್ನು ಕೊಟ್ಟರು.

ಮೋಗ್ಲಿಂಗರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಪ್ರಾರಂಭಿಸಿದರು. ಹೊಲ್ಡರ್ಲಿನ್ ಕವಿಯು ತೀರಿಕೊಂಡು ಆಗ ತಿಂಗಳು ತುಂಬಿರಲಿಲ್ಲ. ಪಾಕ್ಷಿಕವಾಗಿದ್ದ ಆ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಮೊಳೆಗಳನ್ನು ಜೋಡಿಸಿದ ಅಚ್ಚಲ್ಲ. ಬರೆದ ಅಕ್ಷರಗಳನ್ನೇ ಕಲ್ಲಿನ ಮೇಲೆ ಮೂಡಿಸಿ ಅದರಿಂದ ಪ್ರತಿಗಳನ್ನು ತೆಗೆಯುವ ಕ್ರಮ. ಮೇಣದ ಹಾಳೆಯ ಮೇಲೆ ಅಕ್ಷರ ಮೂಡಿಸಿ ಶಾಯಿಯ ಉರುಳೆಯಿಂದ ಪ್ರತಿ ತೆಗೆಯುವ ನಮ್ಮಂಥವರಿಗೆ ಈ ಮಾತಿನಿಂದ ಸಮಾಧಾನವಾಗಬೇಕು. ಊರ ಸುದ್ದಿ, ಸರಕಾರದ ನಿರೂಪ, ಪರದೇಶದ ವರ್ತಮಾನ, ಹಾಡು, ಕಥೆ ಇವೆಲ್ಲವೂ ಅದರಲ್ಲಿ ಬರುತ್ತಿದ್ದುವು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುವುದು ಇದರ ಸ್ಮರಣೆಗಾಗಿಯೇ.

ಇದಕ್ಕಿಂತಲೂ ಹೆಚ್ಚಿನ ಕೆಲಸವೆಂದರೆ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆ. 1848ರಿಂದ 1853ರ ವರೆಗೆ ಮೋಗ್ಲಿಂಗರು ಹಳೆಯ ಕನ್ನಡ ಕೃತಿಗಳನ್ನು ಓಲೆಗರಿಗಳಿಂದಲೂ ಕಾಗದದ ಪ್ರತಿಗಳಿಂದಲೂ ಸಂಗ್ರಹಿಸಿ, ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಧನಸಹಾಯದಿಂದ ಅಚ್ಚು ಮಾಡಿಸಿದರು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು, ಕನಕದಾಸರ ಹರಿಭಕ್ತಿಸಾರ ಇವು ಈ ಮಾಲೆಯಲ್ಲಿ ಸೇರಿದುವು. ಚೆನ್ನಬಸವಪುರಾಣದಲ್ಲಿ ಚೆನ್ನಬಸವಣ್ಣನು ಹೇಳುವುದನ್ನು ಕೇಳುವವನು ಯಾರು? ಸೊನ್ನಲಿಗೆಯ ಸಿದ್ಧರಾಮ, ಎಂದರೆ ನಮ್ಮ ಸೊಲ್ಲಾಪುರದ ಸಿದ್ಧರಾಮೇಶ್ವರ. ಕೆರೆಯ ನಡುವೆ ಗುಡಿಯಿರುವ ಆ ಮಹಾತ್ಮನ ಹೆಸರನ್ನು ಹೊತ್ತ ಕಾವ್ಯವನ್ನು ನೆಕ್ಕರ್ ದಂಡೆಯಲ್ಲಿ ಓದಿದವರೊಬ್ಬರು ಮಂಗಳೂರಿನಲ್ಲಿ ಅಚ್ಚಿಗೆ ತಂದರೆಂಬುದು ನಮಗೆ ಸಣ್ಣ ಸಂಗತಿಯಲ್ಲ. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಕನ್ನಡ ಸಾಹಿತ್ಯಕ್ಕೆ ಸಲ್ಲಿಸಿದ ಸೇವೆಗಾಗಿ ಮೋಗ್ಲಿಂಗರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಮುಂಬಯಿ, ಮದರಾಸುಗಳ ವಿಶ್ವವಿದ್ಯಾಲಯಗಳು ಹುಟ್ಟಿ ಆಗ ಒಂದೇ ವರ್ಷವಾಗಿದ್ದಿತು. ತಾಯ್ನಾಡಿಗೆ ಮರಳಿದ ಮೇಲೆಯೂ ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು.

ಹಿಂದುಸ್ತಾನದ ವಿದ್ಯೆ ಆ ಊರಿಗೆ ಹೊಸದೇನೂ ಆಗಿರಲಿಲ್ಲ. ರುಡೋಲ್ಫ್ ರೋಟ್ ಎಂಬ ಮಹಾಪಂಡಿತರು ಅಲ್ಲಿ ಅಧ್ಯಾಪಕರೂ ಗ್ರಂಥಪಾಲಕರೂ ಆಗಿದ್ದರು. ಬೋಟ್‌ಲಿಂಕ್ ಎಂಬವರೊಡನೆ ಕೂಡಿ ಅವರು ರಚಿಸಿದ ಸಂಸ್ಕೃತ ಮಹಾನಿಘಂಟು 1855ರಿಂದ 1875ರ ವರೆಗೆ ಏಳು ಸಂಪುಟಗಳಲ್ಲಿ ಪ್ರಕಟವಾಯಿತು. ಇಂಥ ವಾತಾವರಣದಲ್ಲಿ ಕನ್ನಡದ ನಿಘಂಟಿಗೂ ಮನ್ನಣೆ ದೊರೆತುದು ಆಶ್ಚರ್ಯವಲ್ಲ.

ಆ ನಿಘಂಟಿನ ಕರ್ತೃಗಳಾದ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ಲರ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಯಿಲ್ಲ. 1832ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಈ ದೇಶಕ್ಕೆ ಬಂದು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಅವರು ಬಾಳಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಶೋಧಿಸಿ ಪ್ರಕಟಿಸಿದರು. ಅನೇಕ ವರ್ಷಗಳ ದುಡಿಮೆಯ ಫಲವಾಗಿ 1894ರಲ್ಲಿ ಮಂಗಳೂರಿನಿಂದ ನಿಘಂಟು ಹೊರಬಂದಿತು. ಅದರ ಪುಟಗಳು 1,700ಕ್ಕೂ ಮೇಲೆ; ಶಬ್ದಗಳು ಸುಮಾರು 70,000.

ಈ ಗ್ರಂಥದ ಹಿರಿಮೆಯಿರುವುದು ಸಂಖ್ಯೆಯಲ್ಲಲ್ಲ, ಕ್ರಮದಲ್ಲಿ. ಶಬ್ದವು ಸಂಸ್ಕೃತದಿಂದ ಬಂದುದೋ, ತದ್ಭವವೋ, ಅಚ್ಚಗನ್ನಡವೋ ಎಂಬುದನ್ನು ಅವರು ವಿಂಗಡಿಸಿದರು. ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿರುವ ಸೋದರ ಶಬ್ದಗಳನ್ನು ಪಕ್ಕದಲ್ಲಿಟ್ಟರು. ಹಳಗನ್ನಡದಲ್ಲಿದ್ದು ಬಳಕೆ ತಪ್ಪಿದ ಅಕ್ಷರಗಳು ಯಾವ ಶಬ್ದದಲ್ಲಿದ್ದುವೆಂದು ಗುರುತಿಸಿದರು. ಕವಿಗಳ ಪ್ರಯೋಗಗಳನ್ನು ಕೊಟ್ಟಂತೆಯೇ ಒಕ್ಕಲಿಗರ ಬಾಯ ಗಾದೆಗಳನ್ನೂ ಕೊಟ್ಟರು. ಆಸ್ಥಾನದ ಕವಿಯ ಮಾತಿಗೂ ಹೊಲದಲ್ಲಿ ದುಡಿಯುವವನ ಮಾತಿಗೂ ಒಂದೇ ಮಣೆ. ಊರೂರಿನ ಕನ್ನಡಿಗ ಪಂಡಿತರೂ ಈ ಕಾರ್ಯದಲ್ಲಿ ಅವರಿಗೆ ನೆರವಾದರು.

ಕಿಟ್ಟೆಲ್ಲರು ಕೊನೆಯಲ್ಲಿ ಟ್ಯೂಬಿಂಗನ್ನಿನಲ್ಲಿಯೇ ನೆಲೆಸಿದರು. 1896ರಲ್ಲಿ ಆ ವಿಶ್ವವಿದ್ಯಾಲಯವು ಅವರಿಗೂ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಅದೇ ಕಾಲದಲ್ಲಿ, 1895ರಿಂದ 1899ರ ವರೆಗೆ, ಊರಿನ ಹೆಕನ್‌ಹೌವರ್ ಪುಸ್ತಕದಂಗಡಿಯಲ್ಲಿ ಒಬ್ಬ ತರುಣನು ಕೆಲಸಕ್ಕಿದ್ದನು. ಅವನೇ ಮುಂದೆ 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹೆರ್ಮನ್ ಹೆಸ್ಸೆ. ಗುಂಡರ್ಟರ ಮಗಳ ಮಗ. ಅವನ ತಂದೆಯೂ ಮಂಗಳೂರಿನಲ್ಲಿ ಕೆಲಕಾಲ ಮಿಶನರಿಯಾಗಿದ್ದವರೇ. ಕಿಟ್ಟೆಲ್ಲರ ಕನ್ನಡ ವ್ಯಾಕರಣ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಕಾಲವಾದರು.

ಇಷ್ಟನ್ನೇ ಹೇಳಿ ಮುಗಿಸಿದರೆ ಚರಿತ್ರೆಗೆ ಅಪಚಾರವಾದೀತು. ಈ ಪಾದ್ರಿಗಳು ಬಂದುದು ಸ್ವಮತಪ್ರಸಾರಕ್ಕಾಗಿ. ಕನ್ನಡವನ್ನು ಕಲಿತುದೂ ಮೊದಲು ಅದಕ್ಕಾಗಿಯೇ. ಕಲಿಯುತ್ತ ಕಲಿಯುತ್ತ ನುಡಿಯೇ ಅವರನ್ನು ಒಲಿಸಿಕೊಂಡಿತೆಂಬುದು ಅವರ ಗ್ರಂಥಗಳಿಂದ ತಿಳಿಯುತ್ತದೆ. ಟ್ಯೂಬಿಂಗನ್ನಿನ ಬಾಳಿನಲ್ಲಿಯೂ ಕಪ್ಪು ಪುಟಗಳಿವೆ. ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ 1477ರಲ್ಲಿಯೇ ಅದೇ ದೊರೆ ಯೆಹೂದ್ಯರನ್ನು ಊರಿನಿಂದ ಹೊರಗಟ್ಟಿದನು. 1938ರ ನವೆಂಬರಿನಲ್ಲಿ ನಾಜಿಗಳು ಅಲ್ಲಿಯ ಯೆಹೂದ್ಯರ ಪ್ರಾರ್ಥನಾಮಂದಿರವನ್ನು ಸುಟ್ಟರು. ಭಾರತವಿದ್ಯೆಯ ಪೀಠದಲ್ಲಿ ಕುಳಿತಿದ್ದ ಹೌವರ್ ಎಂಬ ಪ್ರಾಧ್ಯಾಪಕನೇ ನಾಜಿಗಳ ಪಕ್ಷ ವಹಿಸಿದನು. ಪರನಾಡಿನ ವಿದ್ಯೆಯನ್ನು ಓದಿದ ಮಾತ್ರಕ್ಕೆ ಪಕ್ಕದ ಮನೆಯವನನ್ನು ಮನುಷ್ಯನೆಂದು ಕಾಣುವ ಬುದ್ಧಿ ಬರುವುದಿಲ್ಲ. ಆ ಪೀಠಕ್ಕೆ 1946ರಲ್ಲಿ ಬಂದ ಗ್ಲಾಸೆನಾಪ್ ಎಂಬವರು ಜೈನಧರ್ಮವನ್ನೂ ಉಡುಪಿಯ ಮಧ್ವಾಚಾರ್ಯರ ಮತವನ್ನೂ ಕುರಿತು ಗ್ರಂಥಗಳನ್ನು ಬರೆದ ವಿದ್ವಾಂಸರು. ಯುದ್ಧದ ಬಾಂಬುಗಳಿಂದ ಊರು ಬಹುಮಟ್ಟಿಗೆ ಉಳಿಯಿತು. ಆದುದರಿಂದ ಹಳೆಯ ಮನೆಗಳೂ ಗ್ರಂಥಭಂಡಾರವೂ ಉಳಿದುವು. ಗುಂಡರ್ಟರ ಮಲಯಾಳ ಹಸ್ತಪ್ರತಿಗಳು ಅಲ್ಲಿ ಮರೆತುಹೋದಂತಿದ್ದು, 1986ರಲ್ಲಿ ಮತ್ತೆ ಬೆಳಕಿಗೆ ಬಂದುವು.

ಗಡಿನಾಡಿನ ಕನ್ನಡ ಶಾಲೆಗಳವರಾದ ನಾವು ಈ ಚರಿತ್ರೆಯಿಂದ ಕಲಿಯಬೇಕಾದುದು ಯಾವುದು? 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ತಾಲೂಕುಗಳು ಕನ್ನಡ ರಾಜ್ಯದ ಹೊರಗೆ ಉಳಿದುವು. ಮಹಾರಾಷ್ಟ್ರ ಸರಕಾರದ ಬಾಲಭಾರತಿ ಸಂಸ್ಥೆಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸಿ ಕೊಡುತ್ತಿದೆ. ಆದರೆ ಪುಸ್ತಕವನ್ನು ಓದುವ ಮಕ್ಕಳಿರಬೇಕು, ಓದಿಸುವ ಗುರುಗಳಿರಬೇಕು. ಆ ಮಕ್ಕಳ ಮನೆಯ ಮಾತನ್ನು ಬೆಲೆಯುಳ್ಳದ್ದೆಂದು ಬರೆದಿಡುವವರೂ ಇರಬೇಕು. ಕನ್ನಡವು ಯಾರ ತಾಯ್ನುಡಿಯೂ ಅಲ್ಲದ ಊರೊಂದು ಅದಕ್ಕೆ ಎರಡು ಸಲ ಡಾಕ್ಟರ್ ಪದವಿಯ ಮನ್ನಣೆಯನ್ನಿತ್ತಿತು. ಅದು ಆಳುವವರ ಆಜ್ಞೆಯಿಂದಾದುದಲ್ಲ. ಕೆಲವರು ಕುಳಿತು ಕೆಲಸ ಮಾಡಿದುದರಿಂದ ಆದುದು.

ಅಂಥ ಕೆಲಸ ನಮಗೂ ಉಳಿದಿದೆ. ಕಿಟ್ಟೆಲ್ಲರು ತಿರುಗಾಡಿದುದು ಹೆಚ್ಚಾಗಿ ಕರಾವಳಿ, ಕೊಡಗು, ಧಾರವಾಡಗಳ ಕಡೆಗೆ. ನಮ್ಮ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಗಳ ಜೋಳದ ಹೊಲಗಳಲ್ಲಿ ಆಡುವ ನುಡಿಗೆ ಮರಾಠಿಯ ನೆರೆಯಿಂದ ಬಂದ ತನ್ನದೇ ಆದ ಬಣ್ಣವಿದೆ. ರಂಟೆ, ಕುಂಟೆ, ಕೂರಿಗೆ, ಮೇಟಿ, ಹಂತಿ, ಕಣಕಿ, ಸೀತನಿ ಎಂಬ ಶಬ್ದಗಳನ್ನು ಅಜ್ಜನು ಬಲ್ಲನು. ಯಂತ್ರಗಳು ರಾಶಿ ಮಾಡುವ ಈ ದಿನಗಳಲ್ಲಿ ಮೊಮ್ಮಗನಿಗೆ ಹಂತಿಯೆಂದರೇನೆಂದು ಹೇಳಿಕೊಡಬೇಕಾಗಿದೆ. ಪ್ರತಿಯೊಂದು ಶಾಲೆಯಲ್ಲಿ ಏಳನೆಯ ಇಯತ್ತೆಯ ಮಕ್ಕಳು ಒಂದು ವಹಿಯನ್ನಿಟ್ಟು, ವಾರಕ್ಕೆ ಹತ್ತು ಶಬ್ದಗಳನ್ನೂ ಒಂದು ಗಾದೆಯನ್ನೂ ಮನೆಯ ಹಿರಿಯರಿಂದ ಕೇಳಿ ಬರೆದು ತರಲಿ. ಯಾರು ಹೇಳಿದರು, ಯಾವ ಊರಿನ ಮಾತು, ಯಾವಾಗ ಆಡುವರು ಎಂಬುದನ್ನೂ ಬರೆಯಲಿ. ಗುರುಗಳು ಅದನ್ನು ತಿದ್ದಿ ಅಕಾರಾದಿಯಾಗಿ ಜೋಡಿಸಲಿ. ವರ್ಷವೊಂದು ಕಳೆಯುವಷ್ಟರಲ್ಲಿ ಒಂದೊಂದು ಶಾಲೆಯಲ್ಲಿಯೂ ಮುನ್ನೂರು ನಾಲ್ಕುನೂರು ಶಬ್ದಗಳು ಕೂಡುವುವು. ಈ ಕೆಲಸವನ್ನು ಬರುವ ಮೃಗಶಿರಾ ಮಳೆಯ ಹೊತ್ತಿಗೆ, ಶಾಲೆಗಳು ಮತ್ತೆ ತೆರೆದ ಮೊದಲ ವಾರದಲ್ಲಿಯೇ ಹಿಡಿಯಬಹುದು.